ಡೀಪ್ ಯುಟೆಕ್ಟಿಕ್ ದ್ರಾವಕ "ಆವಿಯಾಗೋದೇ ಇಲ್ಲ" ಅಂತ ಬರೆದು ಸಿಕ್ಕಿಬಿದ್ದೆ

ಹೊಸಬೀಕರ್:
ಎಲ್ಲರಿಗೂ ನಮಸ್ಕಾರ. ಸಣ್ಣ ಪ್ರಶ್ನೆ ಅಂದುಕೊಂಡಿದ್ದೆ, ಎರಡು ದಿನದಿಂದ ನಿದ್ದೆ ಕೆಡಿಸಿದೆ.

ನಾನು ಕೆಲಸ ಮಾಡುತ್ತಿರುವುದು ಎಥಲೈನ್ ಅನ್ನುವ ಡೀಪ್ ಯುಟೆಕ್ಟಿಕ್ ದ್ರಾವಕದಲ್ಲಿ. ಅಂದರೆ ಕೋಲಿನ್ ಕ್ಲೋರೈಡ್ ಒಂದು ಮೋಲ್, ಎಥಿಲೀನ್ ಗ್ಲೈಕಾಲ್ ಎರಡು ಮೋಲ್. ಪ್ರಬಂಧದ ಮೊದಲ ಪುಟದಲ್ಲೇ "ಈ ದ್ರಾವಕಗಳ ಆವಿ ಒತ್ತಡ ನಗಣ್ಯ, ಹಾಗಾಗಿ ಇವು ಹಸಿರು ದ್ರಾವಕಗಳು" ಅಂತ ಒಂದು ಸಾಲು ಹಾಕಿದ್ದೆ. ಯಾವ ಪೇಪರ್ ತೆರೆದರೂ ಇದೇ ಸಾಲು ಕಾಣುತ್ತದೆ, ನಾನೂ ಎತ್ತಿಕೊಂಡೆ. ಗೈಡ್ ಕೆಂಪು ಶಾಯಿಯಲ್ಲಿ "ನಗಣ್ಯ" ಪದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಬರೆದಿದ್ದು ಇಷ್ಟೇ: "ಎಷ್ಟು?"

ಹುಡುಕಿದೆ. ಸಾಲಿನ ಪಕ್ಕದಲ್ಲಿ ಒಂದು ಪೇಪರಿನ ಹೆಸರು, ಅದನ್ನು ತೆರೆದರೆ ಅಲ್ಲೂ ಅದೇ ಸಾಲು, ಪಕ್ಕದಲ್ಲಿ ಇನ್ನೊಂದು ಹೆಸರು. ಸಂಖ್ಯೆ ಮಾತ್ರ ಸಿಗಲಿಲ್ಲ. ಇವು ನಿಜಕ್ಕೂ ಆವಿಯಾಗುವುದಿಲ್ಲವಾ? ಗೊತ್ತಿರುವವರು ಹೇಳಿ ದಯವಿಟ್ಟು.

ಸುಮ್ನೆ ಓದೋನು:
ನಾನು ಈ ಕಡೆಯವನಲ್ಲ. ಆದರೂ ಕೇಳುತ್ತೇನೆ, ಡೀಪ್ ಯುಟೆಕ್ಟಿಕ್ ಅಂದ್ರೆ ಏನು? ಡೀಪ್ ಯಾಕೆ?

ಕುದಿಬಿಂದು:
ಓದೋನು ಅವರೇ, ಎರಡು ಪುಡಿ ಬೆರೆಸಿದರೆ ದ್ರವ ಆಗುವ ತಮಾಷೆ ಇದು. ಕೋಲಿನ್ ಕ್ಲೋರೈಡ್ ಕರಗಬೇಕಾದರೆ 302 °ಸೆ. ಬೇಕು, ಅಷ್ಟು ಹೊತ್ತಿಗೆ ಅದು ಕೆಟ್ಟೂ ಹೋಗಿರುತ್ತದೆ. ಯೂರಿಯಾ ಕರಗುವುದು 133 °ಸೆ.ಗೆ. ಎರಡನ್ನೂ 1:2 ಮೋಲ್ ಲೆಕ್ಕದಲ್ಲಿ ಬೆರೆಸಿ, ಬಿಸಿ ಮಾಡಿ ಕಲಕಿ. ತಣ್ಣಗಾದ ಮೇಲೂ ದ್ರವವಾಗಿಯೇ ಇರುತ್ತದೆ. ಗಟ್ಟಿಯಾಗಬೇಕಾದರೆ 12 °ಸೆ.ಗೆ ಇಳಿಯಬೇಕು. 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಾಟ್ ತಂಡ ಇದನ್ನು ಪ್ರಕಟಿಸಿತು. ಕ್ಲೋರೈಡ್ ಅಯಾನು ಯೂರಿಯಾದ ಹೈಡ್ರೋಜನ್‌ಗಳನ್ನು ಹಿಡಿದುಕೊಳ್ಳುತ್ತದೆ, ಹರಳು ಕಟ್ಟಿಕೊಳ್ಳಲು ಇಬ್ಬರಿಗೂ ಪುರುಸೊತ್ತು ಸಿಗುವುದಿಲ್ಲ. ಬೆರೆಸಿದಾಗ ಕರಗುವ ಬಿಂದು ಅತಿ ಕೆಳಗೆ ಇಳಿಯುವ ಅನುಪಾತದ ಮಿಶ್ರಣವೇ ಯುಟೆಕ್ಟಿಕ್. ಆದರ್ಶ ಮಿಶ್ರಣದ ಲೆಕ್ಕಕ್ಕಿಂತಲೂ ಆ ಬಿಂದು ಕೆಳಗೆ ಇಳಿದರೆ ಅದು ಡೀಪ್. ಎಥಲೈನ್ ಆ ಲೆಕ್ಕಕ್ಕೆ ಡೀಪ್ ಹೌದೋ ಅಲ್ಲವೋ ಅಂತಲೇ ತಕರಾರಿದೆ, ಅದು ಬೇರೆ ಜಗಳ.

ಹೊಸಬೀಕರ್, ಆ ಸಾಲು ಎಲ್ಲಿಂದ ಬಂತು ಗೊತ್ತಾ? ಅಯಾನಿಕ್ ದ್ರವಗಳ ಕಾಲದ್ದು. ಅವುಗಳಲ್ಲಿ ಇರುವುದೆಲ್ಲ ಅಯಾನುಗಳೇ. ಧನ ಋಣ ಒಂದನ್ನೊಂದು ಬಿಗಿಯಾಗಿ ಎಳೆದುಕೊಂಡಿರುತ್ತವೆ, ಮಾಮೂಲಿ ಉಷ್ಣತೆಯಲ್ಲಿ ಯಾವುದೂ ಮೇಲೆ ಹಾರುವುದಿಲ್ಲ. ಹಾಗಾಗಿ "ಆವಿ ಒತ್ತಡ ಇಲ್ಲ" ಅಂದರು. 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಕೆಲವು ಅಯಾನಿಕ್ ದ್ರವಗಳನ್ನು ಕಡಿಮೆ ಒತ್ತಡದಲ್ಲಿ 200-300 °ಸೆ.ಗೆ ಕಾಯಿಸಿ ಬಟ್ಟಿ ಇಳಿಸಿಯೇ ತೋರಿಸಿದ್ದರು. ಅಲ್ಲಿಗೆ "ಇಲ್ಲ" ಹೋಗಿ "ತುಂಬಾ ಕಡಿಮೆ" ಆಯಿತು.

ಡೀಪ್ ಯುಟೆಕ್ಟಿಕ್‌ಗಳು ಬಂದಾಗ ಅಯಾನಿಕ್ ದ್ರವಗಳ ತಮ್ಮಂದಿರು ಅಂತಲೇ ಪರಿಚಯ ಮಾಡಿಸಿದರು. ಅಣ್ಣನ ಗುಣ ತಮ್ಮನಿಗೂ ಇದೆ ಅಂತ ಆ ಸಾಲೂ ಜೊತೆಯಲ್ಲೇ ಬಂತು. ಆದರೆ ಇವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೋಲ್ ಇರುವುದು ಗ್ಲೈಕಾಲ್, ಗ್ಲಿಸರಾಲ್, ಯೂರಿಯಾದಂಥ ಮಾಮೂಲಿ ಅಣುಗಳು. ಅವುಗಳಿಗೆ ವಿದ್ಯುದಾವೇಶ ಇಲ್ಲ. ಹೈಡ್ರೋಜನ್ ಬಂಧ ಬಿಡಿಸಿಕೊಂಡರೆ ಹಾರಿಹೋಗಬಹುದು.

ಅಲ್ಲಗಳೆ:
ಸುಮ್ನೆ ಹೆದರಿಸಬೇಡಿ. ಅಸಿಟೋನ್ ಆವಿ ಒತ್ತಡ 25 °ಸೆ.ನಲ್ಲಿ 30 ಕಿಲೋಪ್ಯಾಸ್ಕಲ್ ದಾಟುತ್ತದೆ. ಟಾಲ್ವೀನ್ ಸುಮಾರು 3.8. ಅದರ ಮುಂದೆ ಎಥಲೈನ್ ಎಲ್ಲಿ? ಟಿಜಿಎಯಲ್ಲಿ (ಕಾಯಿಸುತ್ತಾ ತೂಕ ನೋಡುವ ಯಂತ್ರ) ಎಷ್ಟು ಹೊತ್ತು ನೆಟ್ಟಗಿರುತ್ತದೆ ನೋಡಿ. ನಗಣ್ಯ ಅಂತ ಬರೆದರೆ ತಪ್ಪೇನಿದೆ?

ಕುದಿಬಿಂದು:
ಟಾಲ್ವೀನ್ ಪಕ್ಕದಲ್ಲಿ ಇಟ್ಟರೆ ಕಡಿಮೆಯೇ, ಒಪ್ಪಿದೆ. ಆದರೆ ಹುಡುಗಿಯ ಗೈಡ್ ಕೇಳಿದ್ದು "ಎಷ್ಟು" ಅಂತ. ಲೆಕ್ಕ ಹಾಕೋಣ.

ಎಥಿಲೀನ್ ಗ್ಲೈಕಾಲ್ ಒಂದರದೇ ಆವಿ ಒತ್ತಡ 20 °ಸೆ.ನಲ್ಲಿ ಸುಮಾರು 7 ಪ್ಯಾಸ್ಕಲ್. ಎಥಲೈನ್‌ನಲ್ಲಿ ಮೂರು ಮೋಲ್‌ಗೆ ಎರಡು ಮೋಲ್ ಅದೇ. ರೌಲ್ಟ್ ನಿಯಮದ ಪ್ರಕಾರ (ಮೋಲ್ ಪಾಲು ಎಷ್ಟೋ ಒತ್ತಡವೂ ಅಷ್ಟೇ ಪಾಲು) ಮೂರನೇ ಎರಡು ಪಾಲು, ಅಂದರೆ 5 ಪ್ಯಾಸ್ಕಲ್ ಹತ್ತಿರ. ಕೋಲಿನ್ ಮತ್ತು ಕ್ಲೋರೈಡನ್ನು ಬೇರೆ ಬೇರೆ ಎಣಿಸಿದರೆ ಅರ್ಧ, 3.5. ಕ್ಲೋರೈಡ್ ಗ್ಲೈಕಾಲನ್ನು ಹಿಡಿದಿಟ್ಟುಕೊಳ್ಳುವುದರಿಂದ ನಿಜವಾದದ್ದು ಇನ್ನೂ ಸ್ವಲ್ಪ ಕೆಳಗೆ. ಅಂದರೆ ಬೆರೆಸಿದ್ದರಿಂದ ಒತ್ತಡ ತಗ್ಗುತ್ತದೆ, ಆದರೆ ಸಾವಿರ ಪಟ್ಟು ತಗ್ಗುವುದಿಲ್ಲ. ಎಥಲೈನ್ ಕಡಿಮೆ ಆವಿಯಾಗುವುದಕ್ಕೆ ದೊಡ್ಡ ಕಾರಣ ಯುಟೆಕ್ಟಿಕ್ ಮಹಿಮೆ ಅಲ್ಲ, ಗ್ಲೈಕಾಲೇ 197 °ಸೆ.ಗೆ ಕುದಿಯುವ ಸಾಮಾನು.

ಇನ್ನೊಂದು. ಗ್ಲೈಕಾಲ್ ಆವಿ ಒತ್ತಡ 1 ಮಿಲಿಮೀಟರ್ ಪಾದರಸ ಮುಟ್ಟಲು 53 °ಸೆ. ಸಾಕು. ಗ್ಲಿಸರಾಲ್‌ಗೆ ಅದೇ ಒತ್ತಡಕ್ಕೆ ಸುಮಾರು 125 °ಸೆ. ಬೇಕು. ಇಬ್ಬರಿಗೂ ಕೋಲಿನ್ ಕ್ಲೋರೈಡೇ ಜೊತೆ, ಇಬ್ಬರ ಹೆಸರೂ ಡೀಪ್ ಯುಟೆಕ್ಟಿಕ್ಕೇ. "ಈ ದ್ರಾವಕಗಳ ಆವಿ ಒತ್ತಡ" ಅಂತ ಒಂದೇ ಬುಟ್ಟಿಗೆ ಹಾಕಿದ್ದೇ ಆ ಸಾಲಿನ ಮೊದಲ ತಪ್ಪು.

ತಕ್ಕಡಿ:
ನನ್ನ ಕಥೆ ಹೇಳಲಾ? ನಾಚಿಕೆಗೇಡು, ಆದರೂ ಉಪಯೋಗಕ್ಕೆ ಬರಬಹುದು.

ಎಥಲೈನ್ ನೀರು ಹೀರಿಕೊಂಡಿತ್ತು. ಒಣಗಿಸೋಣ ಅಂತ ಅಗಲವಾದ ಗಾಜಿನ ತಟ್ಟೆಯಲ್ಲಿ ಹಾಕಿ, ವ್ಯಾಕ್ಯೂಮ್ ಓವನ್‌ನಲ್ಲಿ 80 °ಸೆ.ಗೆ ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ಕಾರ್ಲ್ ಫಿಶರ್ (ನೀರು ಎಷ್ಟಿದೆ ಅಳೆಯುವ ಪರೀಕ್ಷೆ) ಹಾಕಿದರೆ ನೀರು ಚೆನ್ನಾಗಿ ಇಳಿದಿದೆ. ಖುಷಿಯಾಯಿತು. ಆಮೇಲೆ ಅಭ್ಯಾಸಬಲದಿಂದ ತಟ್ಟೆ ತೂಗಿದೆ. ಹೋದ ನೀರಿಗಿಂತ ಹೋದ ತೂಕ ಜಾಸ್ತಿ! ತಕ್ಕಡಿಯದೇ ತಪ್ಪು ಅಂದುಕೊಂಡು ಮೂರು ಸಲ ತೂಗಿದೆ. ಆಮೇಲೆ ನೋಡಿದರೆ ತಟ್ಟೆಯ ಅಂಚಿನಲ್ಲಿ, ದ್ರವ ತೆಳ್ಳಗೆ ಹರಡಿದ ಕಡೆ, ಸಕ್ಕರೆ ಉದುರಿಸಿದ ಹಾಗೆ ಬಿಳಿ ಹರಳು. ಆವಿಯನ್ನು ತಣಿಸಿ ಹಿಡಿಯುವ ಪಂಪಿನ ಕೋಲ್ಡ್ ಟ್ರ್ಯಾಪ್ ಬಿಚ್ಚಿದೆ. ತಳದಲ್ಲಿ ಮಂಜುಗಡ್ಡೆ ಕರಗಿದ ಮೇಲೆ ಉಳಿದಿದ್ದು ಬರೀ ನೀರಲ್ಲ, ಬೆರಳಿಗೆ ಜಾರುವಂಥದ್ದು. ಗ್ಲೈಕಾಲ್. (ಕೈಗವಸು ಹಾಕಿದ್ದೆ, ಬೈಯಬೇಡಿ.)

80 °ಸೆ.ನಲ್ಲಿ ಗ್ಲೈಕಾಲ್ ಆವಿ ಒತ್ತಡ 20 °ಸೆ.ನಲ್ಲಿ ಇರುವುದರ ಹತ್ತಿರಹತ್ತಿರ ನೂರು ಪಟ್ಟು. ಮೇಲಿಂದ ವ್ಯಾಕ್ಯೂಮ್ ಬೇರೆ. ಹೋಗದೆ ಇನ್ನೇನು ಮಾಡುತ್ತದೆ.

ನನಗೆ ಆಮೇಲೆ ಹೊಳೆದಿದ್ದು ಇದು. ಅಸಿಟೋನ್ ಆವಿಯಾದರೆ ಉಳಿದದ್ದೂ ಅಸಿಟೋನೇ, ಪ್ರಮಾಣ ಮಾತ್ರ ಕಡಿಮೆ. ಇಲ್ಲಿ ಹಾಗಲ್ಲ. 10 ಗ್ರಾಂ ಎಥಲೈನ್‌ನಲ್ಲಿ ಸುಮಾರು 5.3 ಗ್ರಾಂ ಕೋಲಿನ್ ಕ್ಲೋರೈಡ್, 4.7 ಗ್ರಾಂ ಗ್ಲೈಕಾಲ್. ಅದರಲ್ಲಿ 1 ಗ್ರಾಂ ಗ್ಲೈಕಾಲ್ ಹೋದರೆ ಮೋಲ್ ಲೆಕ್ಕ 1:2ರಿಂದ 1:1.6ಕ್ಕೆ ಬಂದುಬಿಡುತ್ತದೆ. ಕೋಲಿನ್ ಕ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ, ಕೂತಿರುತ್ತದೆ. ಬಾಟಲಿ ಮೇಲಿನ ಚೀಟಿಯಲ್ಲಿ ಎಥಲೈನ್ ಅಂತಲೇ ಇರುತ್ತದೆ, ಒಳಗೆ ಬೇರೆ ದ್ರಾವಕ. ಸ್ನಿಗ್ಧತೆ ಬೇರೆ, ವಾಹಕತೆ ಬೇರೆ. ಆ ಬಾಟಲಿಯಿಂದ ನಾನು ಒಂದು ತಿಂಗಳು ಮಾಡಿದ ಪ್ರಯೋಗಗಳನ್ನೆಲ್ಲ ಮತ್ತೆ ಮಾಡಬೇಕಾಯಿತು.

ಹೊಸಬೀಕರ್:
ಅಯ್ಯೋ. ನಾನೂ ಹಾಗೇ ಒಣಗಿಸುತ್ತಿದ್ದೇನೆ. ಒಂದು ದಿನವೂ ತೂಗಿಲ್ಲ.

ಮೂಗುದಾರ:
ನಾನು ಇರುವುದು ಸುಗಂಧದ್ರವ್ಯದ ಕಡೆ. ನಮ್ಮಲ್ಲಿ ಮೆಂಥಾಲ್ ಮತ್ತು ಥೈಮಾಲ್ ಮಿಶ್ರಣವನ್ನು ಈಗ "ಜಲವಿರೋಧಿ ಡೀಪ್ ಯುಟೆಕ್ಟಿಕ್" ಅಂತ ಕರೆಯುತ್ತಾರೆ. ಮೆಂಥಾಲ್ 43 °ಸೆ. ಹತ್ತಿರ ಕರಗುತ್ತದೆ, ಥೈಮಾಲ್ 50ರ ಹತ್ತಿರ. ಎರಡನ್ನೂ ಖಲ್ಲಿನಲ್ಲಿ ಅರೆದರೆ ನೋಡನೋಡುತ್ತಿದ್ದಂತೆ ಒದ್ದೆಯಾಗಿ ನೀರಾಗುತ್ತದೆ. ಕರ್ಪೂರ ಮತ್ತು ಮೆಂಥಾಲ್ ಜೊತೆ ಅರೆದರೂ ಅಷ್ಟೇ, ಔಷಧಿ ತಯಾರಿಸುವವರಿಗೆ ಇದು ಹಳೇ ತಲೆನೋವು. ಜಲವಿರೋಧಿ ಅನ್ನುವ ಹೆಸರಿನಲ್ಲಿ ಈ ಗುಂಪು ಪೇಪರುಗಳಿಗೆ ಬಂದಿದ್ದು 2015ರಲ್ಲಿ.

ಇದರ ಪೇಪರುಗಳಲ್ಲೂ ಆ ಸಾಲು ಇಣುಕುತ್ತದೆ. ಸ್ವಾಮಿ, ಮುಚ್ಚಳ ತೆಗೆದರೆ ಪಕ್ಕದ ಕೋಣೆಯವರು ಕೆಮ್ಮುತ್ತಾರೆ! ಆವಿಯಾಗದೆ ಇದ್ದರೆ ನನ್ನ ಮೂಗಿಗೆ ಬಂದಿದ್ದೇನು? ಇಲ್ಲಿ ಉಪ್ಪೂ ಇಲ್ಲ, ಅಯಾನೂ ಇಲ್ಲ. ಎರಡೂ ಹಾರುವ ಅಣುಗಳೇ.

ಅಲ್ಲಗಳೆ:
ಮೂಗು ಅಳತೆಗೋಲಲ್ಲ ಮಾರಾಯ್ರೆ. ಕೋಟಿಗೆ ಒಂದೆರಡು ಪಾಲು ಇದ್ದರೂ ಕೆಲವು ವಾಸನೆ ಹಿಡಿಯುತ್ತದೆ. ವಾಸನೆ ಬಂತು ಅಂದರೆ ಆವಿ ಇದೆ ಅಂತ ಗೊತ್ತಾಗುತ್ತದೆ, ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಎಥಿಲೀನ್ ಗ್ಲೈಕಾಲ್‌ಗೆ ವಾಸನೆಯೇ ಇಲ್ಲ, ಅದು ಹೋಗುತ್ತಿದ್ದರೂ ತಿಳಿಯದು.

ಮೂಗುದಾರ:
ಅದನ್ನೇ ನಾನೂ ಹೇಳಿದ್ದು. ವಾಸನೆ ಇಲ್ಲದ್ದಕ್ಕೆ "ನಗಣ್ಯ" ಅಂತ ಬರೆದು ದಕ್ಕಿಸಿಕೊಂಡಿದ್ದಾರೆ.

ಹೊಸಬೀಕರ್:
ಸರಿ, ಈಗ ನಾನೇ ಅಳೆಯಬೇಕು. ನಮ್ಮಲ್ಲಿ ಟಿಜಿಎ ಇದೆ. ನಿಮಿಷಕ್ಕೆ 10 °ಸೆ.ನಂತೆ ಏರಿಸಿ, ತೂಕ ಇಳಿಯಲು ಶುರುವಾದ ಉಷ್ಣತೆ ಬರೆದರೆ ಸಾಲದಾ?

ಕುದಿಬಿಂದು:
ಸಾಲದು. ಹಾಗೆ ಓಡಿಸಿದರೆ ಸಿಗುವುದು ಅವಸರದ ಉತ್ತರ. ಹತ್ತೇ ನಿಮಿಷದಲ್ಲಿ ನೂರು ಡಿಗ್ರಿ ದಾಟಿಹೋಗುತ್ತೀರಿ, ನಿಧಾನವಾಗಿ ಹೋಗುವುದು ಆ ಗೆರೆಯಲ್ಲಿ ಕಾಣುವುದೇ ಇಲ್ಲ. ನಿಮ್ಮ ದ್ರಾವಕ 80 °ಸೆ.ನಲ್ಲಿ ಎಷ್ಟೋ ಗಂಟೆ ಇರುತ್ತದೆ ತಾನೆ? ಹಾಗಾದರೆ 80 °ಸೆ.ನಲ್ಲೇ ನಿಲ್ಲಿಸಿ ಗಂಟೆಗಟ್ಟಲೆ ನೋಡಿ. ಬಟ್ಟಲಿನ ಅಗಲ, ನೈಟ್ರೋಜನ್ ಹರಿವು, ಎರಡನ್ನೂ ಬರೆದಿಡಿ. ಇವು ಬದಲಾದರೆ ಉತ್ತರವೂ ಬದಲಾಗುತ್ತದೆ.

ಟಿಜಿಎಯಿಂದ ಆವಿ ಒತ್ತಡ ಲೆಕ್ಕ ಹಾಕುವವರು ಲ್ಯಾಂಗ್‌ಮ್ಯೂರ್ ಸಮೀಕರಣ ಬಳಸುತ್ತಾರೆ. ಅದಕ್ಕೆ ತೂಕ ಇಳಿಯುವ ವೇಗ ಒಂದೇ ಸಮ ಇರಬೇಕು. ಶುದ್ಧ ಗ್ಲೈಕಾಲ್‌ಗೆ ಇರುತ್ತದೆ. ಮಿಶ್ರಣದಲ್ಲಿ ಗ್ಲೈಕಾಲ್ ಹೋದಂತೆಲ್ಲ ಉಳಿದದ್ದು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ವೇಗ ಕುಗ್ಗುತ್ತಾ ಹೋಗುತ್ತದೆ. ಹಾಗಾಗಿ ಗೆರೆ ಬಾಗುತ್ತದೆ. ಬಾಗಿದ ಗೆರೆಗೆ ನೇರ ಗೆರೆ ಎಳೆದು ಒಂದು ಸಂಖ್ಯೆ ಕೊಟ್ಟರೆ ಅದು ಯಾವ ಮಿಶ್ರಣದ ಸಂಖ್ಯೆ? ಶುರುವಿನದ್ದಾ, ಕೊನೆಯದ್ದಾ?

ಎಲ್ಲಕ್ಕಿಂತ ದೊಡ್ಡ ಕಳ್ಳ ನೀರು. 20 °ಸೆ.ನಲ್ಲಿ ನೀರಿನ ಆವಿ ಒತ್ತಡ 2.34 ಕಿಲೋಪ್ಯಾಸ್ಕಲ್, ಗ್ಲೈಕಾಲ್‌ಗಿಂತ ಮುನ್ನೂರು ಪಟ್ಟು ಜಾಸ್ತಿ. ಎಥಲೈನ್‌ನಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಒಂದು ಪಾಲು ನೀರು ಇದೆ ಅನ್ನಿ. ನೀರಿನ ಅಣು ಹಗುರ, ಹಾಗಾಗಿ ಮೋಲ್ ಲೆಕ್ಕದಲ್ಲಿ ಅದು ಹತ್ತಿರಹತ್ತಿರ ನೂರಕ್ಕೆ ಐದು. ಆದರ್ಶ ಲೆಕ್ಕದಲ್ಲಿ ಅದೊಂದೇ ನೂರು ಪ್ಯಾಸ್ಕಲ್ ಮೇಲೆ ಕೊಡುತ್ತದೆ, ಗ್ಲೈಕಾಲ್‌ದು ಐದು. ಕ್ಲೋರೈಡ್ ನೀರನ್ನೂ ಬಿಗಿಯಾಗಿ ಹಿಡಿಯುವುದರಿಂದ ನಿಜದಲ್ಲಿ ಅಷ್ಟು ಬರಲಿಕ್ಕಿಲ್ಲ. ಆದರೂ ಒಟ್ಟು ಒತ್ತಡ ಅಳೆದರೆ ನೀವು ಅಳೆದಿದ್ದು ಬಹುಪಾಲು ನೀರನ್ನೇ. ಅದಕ್ಕೇ ಹೆಡ್‌ಸ್ಪೇಸ್ ಗ್ಯಾಸ್ ಕ್ರೊಮ್ಯಾಟೊಗ್ರಫಿ ಒಳ್ಳೆಯದು. ಮುಚ್ಚಿದ ಸೀಸೆಯಲ್ಲಿ ದ್ರವದ ಮೇಲೆ ನಿಂತ ಗಾಳಿಯನ್ನೇ ತೆಗೆದು ಯಾವುದು ಎಷ್ಟಿದೆ ಅಂತ ಬೇರೆ ಬೇರೆ ನೋಡಬಹುದು.

ರಾತ್ರಿಪಾಳಿ:
ಒಂದು ಸೇರಿಸುತ್ತೇನೆ. ತೂಕ ಇಳಿದಿದ್ದೆಲ್ಲ ಆವಿ ಅಂತ ನಂಬಬೇಡಿ, ಕೊಳೆತು ಹೋದದ್ದೂ ಇರಬಹುದು.

ಕೋಲಿನ್ ಕ್ಲೋರೈಡ್ ಯೂರಿಯಾ ಮಿಶ್ರಣವನ್ನು ನಾನು ಒಮ್ಮೆ ಅವಸರಕ್ಕೆ 120 °ಸೆ.ಗೆ ಏರಿಸಿದೆ. ದಪ್ಪ ದ್ರವ ಅದು, 25 °ಸೆ.ನಲ್ಲಿ ನೀರಿಗಿಂತ ನೂರಾರು ಪಟ್ಟು ಸ್ನಿಗ್ಧ, ಬಿಸಿ ಮಾಡದೆ ಕಲಕಲು ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಮುಚ್ಚಳದ ಸಂದಿಯಿಂದ ಅಮೋನಿಯಾ ಘಾಟು. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಹಿಡಿದರೆ ನೀಲಿಯಾಯಿತು. ಯೂರಿಯಾ ಒಡೆದು ಅಮೋನಿಯಾ ಮತ್ತು ಐಸೊಸಯಾನಿಕ್ ಆಮ್ಲ ಆಗುತ್ತದೆ. ಕೋಲಿನ್ ಕೆಟ್ಟರೆ ಟ್ರೈಮಿಥೈಲ್ ಅಮೀನ್, ಹಳೇ ಮೀನಿನ ವಾಸನೆ. ಆಗ ಹೊರಗೆ ಹೋಗುತ್ತಿರುವುದು ನಾವು ಬೆರೆಸಿದ ವಸ್ತುಗಳಲ್ಲ, ನಾವು ಬೆರೆಸದೇ ಇದ್ದವು! ಟಿಜಿಎಗೆ ಇದ್ಯಾವುದೂ ತಿಳಿಯದು, ಅದಕ್ಕೆ ಗೊತ್ತಿರುವುದು ತೂಕ ಒಂದೇ.

ಆಮ್ಲ ಹಾಕಿದ ಮಿಶ್ರಣಗಳಲ್ಲಿ ಇನ್ನೊಂದು ತಾಪತ್ರಯ. ಕೋಲಿನ್‌ನ ಹೈಡ್ರಾಕ್ಸಿಲ್ ಜೊತೆ ಆಮ್ಲ ಸೇರಿ ಎಸ್ಟರ್ ಆಗುತ್ತದೆ, ಪಕ್ಕದಲ್ಲಿ ನೀರು ಹುಟ್ಟುತ್ತದೆ. ಒಣಗಿಸಿದಷ್ಟೂ ನೀರು ಬರುತ್ತಲೇ ಇದೆ ಅಂತ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಕಾರ್ಖಾನೆ ಕಡೆಯವ:
ಎಲ್ಲರೂ ಪ್ಯಾಸ್ಕಲ್ ಎಣಿಸುತ್ತಿದ್ದೀರಿ. ಕಾನೂನಿನ ಕಾಗದದ ಕಡೆಯಿಂದ ನಾನೊಂದು ಮಾತು.

ಆವಿಶೀಲ ಸಾವಯವ ವಸ್ತು ಯಾವುದು ಅನ್ನುವುದಕ್ಕೆ ಯುರೋಪಿನಲ್ಲೇ ಎರಡು ಅಳತೆಗೋಲು ಇವೆ. 2010ರ ಕೈಗಾರಿಕಾ ಹೊರಸೂಸುವಿಕೆ ನಿರ್ದೇಶನದ ಪ್ರಕಾರ 293.15 ಕೆಲ್ವಿನ್‌ನಲ್ಲಿ ಆವಿ ಒತ್ತಡ 0.01 ಕಿಲೋಪ್ಯಾಸ್ಕಲ್ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಅಂದರೆ 10 ಪ್ಯಾಸ್ಕಲ್. ಎಥಿಲೀನ್ ಗ್ಲೈಕಾಲ್ 7ರ ಹತ್ತಿರ, ಹತ್ತಕ್ಕಿಂತ ಕೆಳಗೆ, ಹಾಗಾಗಿ ಅಲ್ಲಿ ಪಾರು. 2004ರ ಬಣ್ಣ ವಾರ್ನಿಶ್ ನಿರ್ದೇಶನ ಕುದಿಯುವ ಬಿಂದು ನೋಡುತ್ತದೆ: 250 °ಸೆ. ಅಥವಾ ಕೆಳಗಿದ್ದರೆ ಆವಿಶೀಲ. ಅಲ್ಲಿ ಅದೇ ಗ್ಲೈಕಾಲ್ ಸಿಕ್ಕಿಬೀಳುತ್ತದೆ, ಮೆಂಥಾಲೂ ಥೈಮಾಲೂ ಸಿಕ್ಕಿಬೀಳುತ್ತವೆ. ಗ್ಲಿಸರಾಲ್ 290 °ಸೆ., ಅದು ಪಾರು. 2010ರ ವ್ಯಾಖ್ಯೆಯಲ್ಲಿ ಇನ್ನೊಂದು ತುಂಡು ಇದೆ, ಯಾರೂ ಓದುವುದಿಲ್ಲ: ಬಳಸುವ ಪರಿಸ್ಥಿತಿಯಲ್ಲಿ ಅಷ್ಟೇ ಆವಿಶೀಲತೆ ಇದ್ದರೂ ಲೆಕ್ಕಕ್ಕೆ ಬರುತ್ತದೆ. 80 °ಸೆ.ನಲ್ಲಿ ತೆರೆದ ತೊಟ್ಟಿ ಇಟ್ಟುಕೊಂಡು "20 °ಸೆ.ನಲ್ಲಿ 5 ಪ್ಯಾಸ್ಕಲ್" ಅಂದರೆ ನಡೆಯದು.

ಇನ್ನು ಕಡಿಮೆ ಆವಿ ಒಳ್ಳೆಯದು ಅನ್ನುವುದು ಅರ್ಧ ಮಾತ್ರ ನಿಜ. ಉಸಿರಿಗೆ ಒಳ್ಳೆಯದು, ಬೆಂಕಿಗೆ ಒಳ್ಳೆಯದು. ಅಸಿಟೋನ್ ಆವಿ -20 °ಸೆ. ಹತ್ತಿರವೇ ಕಿಡಿಗೆ ಹತ್ತಿಕೊಳ್ಳುತ್ತದೆ, ಗ್ಲೈಕಾಲ್‌ಗೆ 111 °ಸೆ. ಬೇಕು. ಅದು ಸಣ್ಣ ಲಾಭವಲ್ಲ. ಆದರೆ ಕ್ರಿಯೆ ಮುಗಿದ ಮೇಲೆ? ಅಸಿಟೋನ್ ಆದರೆ ರೋಟರಿ ಇವಾಪೊರೇಟರ್‌ಗೆ ಹಾಕಿ ಎಳೆದುಬಿಡುತ್ತೀರಿ, ಕೆಳಗೆ ಉತ್ಪನ್ನ, ಮೇಲೆ ದ್ರಾವಕ. ಇದು ಹಾರುವುದಿಲ್ಲವಲ್ಲ! ಆಗ ಏನು ಮಾಡುತ್ತಾರೆ? ಈಥೈಲ್ ಅಸಿಟೇಟ್ ಹಾಕಿ ಉತ್ಪನ್ನ ತೆಗೆಯುತ್ತಾರೆ. ಮುಂಬಾಗಿಲಿನಿಂದ ಓಡಿಸಿದ ಆವಿಶೀಲ ದ್ರಾವಕ ಹಿತ್ತಲಿನಿಂದ ಒಳಗೆ ಬಂತು. ಇಲ್ಲವೇ ನೀರು ಸುರಿದು ಉತ್ಪನ್ನ ಉದುರಿಸುತ್ತಾರೆ, ಆಮೇಲೆ ಆ ನೀರನ್ನು ಕುದಿಸಿ ತೆಗೆಯಬೇಕು. ಒಂದು ಕಿಲೋ ನೀರು ಆವಿ ಮಾಡಲು 2257 ಕಿಲೋಜೂಲ್, ಅಸಿಟೋನ್‌ಗೆ ಸುಮಾರು 500. ಆ ಕುದಿಸುವಾಗ ಗ್ಲೈಕಾಲೂ ಸ್ವಲ್ಪ ಹೋಗುತ್ತದೆ, ತಕ್ಕಡಿಯವರ ಓವನ್ ಕಥೆಯೇ ಮತ್ತೆ. ಪ್ರತಿ ಸುತ್ತಿಗೂ ಮಿಶ್ರಣ ತೂಗಿ ಗ್ಲೈಕಾಲ್ ಸೇರಿಸಬೇಕು.

ಎಲ್ಲಿ ಬೇರ್ಪಡಿಸುವ ಕೆಲಸವೇ ಇಲ್ಲವೋ ಅಲ್ಲಿ ಇವು ಚೆನ್ನಾಗಿ ಕೂರುತ್ತವೆ. ಲೋಹದ ಮೇಲ್ಮೈಗೆ ಹೊಳಪು ಕೊಡುವ ತೊಟ್ಟಿ, ಲೋಹಲೇಪನದ ತೊಟ್ಟಿ. ಆದರೆ ಅಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದಾಗ ಸಿಡಿಯುವ ಸಣ್ಣ ಹನಿಗೆ ಆವಿ ಒತ್ತಡದ ಹಂಗಿಲ್ಲ, ಪೂರ್ತಿ ದ್ರಾವಕವೇ ಗಾಳಿಗೆ ಬರುತ್ತದೆ.

ಸುಮ್ನೆ ಓದೋನು:
ಅರ್ಧ ಅರ್ಥ ಆಯ್ತು. ಹಿತ್ತಲಿನ ಕಥೆ ಪೂರ್ತಿ ಅರ್ಥ ಆಯ್ತು.

ಅಲ್ಲಗಳೆ:
ಕಾರ್ಖಾನೆಯವರ ಮಾತು ಒಪ್ಪಿದೆ. ಆದರೆ ಒಂದು ಹಠ ನನ್ನದೂ ಇದೆ. ಇಷ್ಟೆಲ್ಲ ಹೇಳಿ ಕೊನೆಗೆ ಜನ "ಹಾಗಾದರೆ ಟಾಲ್ವೀನೇ ವಾಸಿ" ಅಂದುಬಿಟ್ಟರೆ ಕಷ್ಟ. ಮಾಮೂಲಿ ಉಷ್ಣತೆಯಲ್ಲಿ, ಮುಚ್ಚಿದ ಪಾತ್ರೆಯಲ್ಲಿ, ಕೋಲಿನ್ ಕ್ಲೋರೈಡ್ ಗ್ಲಿಸರಾಲ್ ಮಿಶ್ರಣಕ್ಕೆ "ನಗಣ್ಯ" ಅಂದರೆ ನಾನು ಇವತ್ತೂ ಸಹಿ ಹಾಕುತ್ತೇನೆ. ಎಥಲೈನ್‌ಗೆ ಹಾಕುವುದಿಲ್ಲ, ಅಷ್ಟು ಸೋತೆ.

ಕುದಿಬಿಂದು:
ಗ್ಲಿಸರಾಲ್‌ಗೆ ನಾನೂ ಸಹಿ ಹಾಕುತ್ತೇನೆ. ನೀರು ತೆಗೆದಿದ್ದರೆ.

ಹೊಸಬೀಕರ್:
ಒಂದು ವಾರ ಆಯಿತು, ಏನಾಯಿತು ಹೇಳುತ್ತೇನೆ.

ಹೆಡ್‌ಸ್ಪೇಸ್‌ಗೆ ಸರದಿ ಸಿಗಲಿಲ್ಲ. ಹಾಗಾಗಿ ತಕ್ಕಡಿ ಅಣ್ಣನ ದಾರಿ ಹಿಡಿದೆ. ಒಂದೇ ಅಳತೆಯ ಮೂರು ಗಾಜಿನ ತಟ್ಟೆ: ಬರೀ ಗ್ಲೈಕಾಲ್, ಎಥಲೈನ್, ಗ್ಲಿಸರಾಲ್ ಮಿಶ್ರಣ. ಮೊದಲು ಮೂರನ್ನೂ ಒಣಗಿಸಿ ಕಾರ್ಲ್ ಫಿಶರ್ ನೋಡಿದೆ. ಆಮೇಲೆ ಒಣ ನೈಟ್ರೋಜನ್ ಹಾಯಿಸುತ್ತಾ 60 °ಸೆ. ಓವನ್‌ನಲ್ಲಿ ಇಟ್ಟು ದಿನಕ್ಕೆ ಎರಡು ಸಲ ತೂಗಿದೆ. ಗ್ಲೈಕಾಲ್ ತಟ್ಟೆ ಒಂದೇ ಸಮ ಇಳಿಯುತ್ತಾ ಹೋಯಿತು, ಗೆರೆ ನೇರ. ಎಥಲೈನ್ ಶುರುವಿನಲ್ಲಿ ಅದರ ಹಿಂದೆಯೇ ಇತ್ತು, ಆಮೇಲೆ ನಿಧಾನವಾಯಿತು, ಗೆರೆ ಬಾಗಿತು. ಕುದಿಬಿಂದು ಸರ್ ಹೇಳಿದ ಬಾಗು ಕಣ್ಣೆದುರಿಗೇ ಬಂತು! ನಾಲ್ಕನೇ ದಿನ ಅಂಚಿನಲ್ಲಿ ಬಿಳಿ ಹರಳೂ ಕಂಡಿತು. ಗ್ಲಿಸರಾಲ್ ತಟ್ಟೆ ಮಾತ್ರ ಕದಲಲಿಲ್ಲ ಅನ್ನುವಷ್ಟು ಕಡಿಮೆ.

ಎಥಲೈನ್ ಉಳಿದದ್ದನ್ನು ಎನ್‌ಎಂಆರ್‌ಗೆ (ಯಾವ ಅಣು ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಕೊಟ್ಟೆ. ಕೋಲಿನ್ ಮತ್ತು ಗ್ಲೈಕಾಲ್ ಶಿಖರಗಳನ್ನು ಹೋಲಿಸಿದರೆ ಲೆಕ್ಕ ಈಗ 1:2 ಇಲ್ಲ. ನನ್ನ ಹಳೇ ಬಾಟಲಿಯನ್ನೂ ಜೊತೆಗೆ ಕೊಟ್ಟಿದ್ದೆ. ಅದೂ ಇಲ್ಲ. ಹಳೇ ಫಲಿತಾಂಶಗಳ ಬಗ್ಗೆ ಈಗ ಮಾತು ಬೇಡ.

ಸಾಲನ್ನು ಹೀಗೆ ಬದಲಾಯಿಸಿದ್ದೇನೆ: "ಎಥಲೈನ್‌ನಿಂದ ಗ್ಲೈಕಾಲ್ ಆವಿಯಾಗುತ್ತದೆ, ಅದರ ವೇಗ ಶುದ್ಧ ಗ್ಲೈಕಾಲ್‌ಗಿಂತ ಕಡಿಮೆ, ಮತ್ತು ಮಿಶ್ರಣದ ಅನುಪಾತ ಬದಲಾದಂತೆ ಇನ್ನೂ ಕಡಿಮೆಯಾಗುತ್ತದೆ. ಹಾಗಾಗಿ ಪ್ರತಿ ಪ್ರಯೋಗಕ್ಕೂ ಮೊದಲು ಅನುಪಾತ ಅಳೆಯಲಾಗಿದೆ." ಹಸಿರು ಅನ್ನುವ ಪದವನ್ನು ಸದ್ಯಕ್ಕೆ ತೆಗೆದಿದ್ದೇನೆ.

ಅಲ್ಲಗಳೆ:
"ಅಳೆಯಲಾಗಿದೆ" ಅಂತ ಬರೆದಿದ್ದೀರಿ, ಅಳೆದಿದ್ದೀರಾ?

ಹೊಸಬೀಕರ್:
ಇನ್ನು ಮೇಲೆ ಅಳೆಯುತ್ತೇನೆ ಸರ್.

ತಕ್ಕಡಿ:
ಚೆನ್ನಾಗಿದೆ ತಂಗಿ. ಖಾಲಿ ತಟ್ಟೆ ಒಂದನ್ನು ಪಕ್ಕದಲ್ಲಿ ಇಟ್ಟಿದ್ದಾ? ಓವನ್‌ನಿಂದ ತೆಗೆದ ಗಾಜು ಬಿಸಿ ಆರುವ ಮೊದಲೇ ತೂಗಿದರೆ ತೂಕ ಕಡಿಮೆ ತೋರಿಸುತ್ತದೆ.

ಹೊಸಬೀಕರ್:
ಇಟ್ಟಿರಲಿಲ್ಲ. ನಾಳೆಯಿಂದ ನಾಲ್ಕು ತಟ್ಟೆ.